ಕೂದಲೆಳೆಯಷ್ಟು ಎಳೆತ: ಕಾರಿನ ಚಕ್ರದ ಸ್ಟಡ್ ಮುರಿಯುವುದೇಕೆ?

ಕಾರಿನ ಚಕ್ರ ಬದಲಿಸುವಾಗ ಸ್ಟಡ್ ಮುರಿದರೆ ಆ ಹೊತ್ತಿಗೆ ಪಾನಾ ಹಿಡಿದಿದ್ದವನನ್ನು ದೂರುವುದು ವಾಡಿಕೆಯಾದರೂ, ಆ ಮುರಿತಕ್ಕೆ ಬೇಕಾದ ಸಿದ್ಧತೆ ಬಹುಪಾಲು ಹಿಂದಿನ ಸಲ ಅದೇ ಚಕ್ರವನ್ನು ಕೂರಿಸಿದ ದಿನವೇ ಮುಗಿದಿರುತ್ತದೆ. ಸ್ಟಡ್ ಸಾಯುವ ದಾರಿಗಳು ಮುಖ್ಯವಾಗಿ ಎರಡು: ಒಂದು ತುಕ್ಕು, ಇನ್ನೊಂದು ಮಿತಿಮೀರಿದ ಬಿಗಿತ. ರಾಷ್ಟ್ರೀಯ ಹೆದ್ದಾರಿ 16ರಲ್ಲಿ ಸುಮಾರು 350 ಕಿಲೋಮೀಟರ್ ಅಂತರದಲ್ಲಿರುವ ವಿಶಾಖಪಟ್ಟಣ ಮತ್ತು ವಿಜಯವಾಡ ಈ ಎರಡನ್ನೂ ಅರಿಯಲು ಹೇಳಿ ಮಾಡಿಸಿದ ಊರುಗಳು; ಮೊದಲನೆಯದು ಕಡಲಿನ ಉಪ್ಪುಗಾಳಿಗೆ ಮೈಯೊಡ್ಡಿ ನಿಂತಿದ್ದರೆ, ಎರಡನೆಯದರ ಆಟೋನಗರ ಲಾರಿ, ಬಸ್ಸು, ಕಾರುಗಳ ರಿಪೇರಿಗೆ ದೇಶದಲ್ಲೇ ಹೆಸರಾದ ದೊಡ್ಡ ಕೇಂದ್ರವಾಗಿದ್ದು, ಅಂತಹ ಕಡೆ ದಿನವೂ ಬಿಚ್ಚಿ ಬಿಗಿಯುವ ನಟ್‌ಗಳಿಗೆ ಲೆಕ್ಕವೇ ಇರುವುದಿಲ್ಲ.

ಸ್ಟಡ್ ಎಂದರೆ ಚಕ್ರವನ್ನು ಹೊತ್ತು ತಿರುಗುವ ಹಬ್ಬಿಗೆ (hub) ಹಿಂಬದಿಯಿಂದ ಒತ್ತಿ ಕೂರಿಸಿದ, ಹೊರಚಾಚಿದ ತುದಿಯಲ್ಲಿ ಥ್ರೆಡ್ ಇರುವ ಉಕ್ಕಿನ ಕಂಬಿ. ಚಕ್ರದ ತೂತುಗಳನ್ನು ಅದರ ಮೇಲೆ ತೂರಿಸಿ ನಟ್ ಬಿಗಿಯಲಾಗುತ್ತದೆ. ಮೊಳೆಗೆ ಚೀಲ ನೇತುಹಾಕಿದಂತೆ ಕಾರಿನ ತೂಕವೆಲ್ಲ ಈ ಕಂಬಿಗಳ ಮೇಲೆ ಕೂತಿದೆ ಎಂದು ಹಲವರು ಭಾವಿಸಿರುತ್ತಾರೆ. ವಾಸ್ತವದಲ್ಲಿ ತೂಕವನ್ನು ಹೊರುವುದು ಚಕ್ರದ ಮುಖ ಮತ್ತು ಹಬ್ಬಿನ ಮುಖಗಳ ನಡುವಣ ಘರ್ಷಣೆ. ಸ್ಟಡ್ಡಿನ ಕೆಲಸ ಆ ಎರಡು ಮುಖಗಳನ್ನು ಅಲುಗಾಡದಂತೆ ಒತ್ತಿ ಹಿಡಿಯುವುದು ಮಾತ್ರ. ಒತ್ತಿ ಹಿಡಿಯಬೇಕಾದರೆ ಸ್ಟಡ್ ತಾನು ಎಳೆಯಲ್ಪಟ್ಟ ಸ್ಥಿತಿಯಲ್ಲಿರಬೇಕು, ಅಂದರೆ ಒಂದು ಗಟ್ಟಿ ಸ್ಪ್ರಿಂಗಿನಂತೆ ತುಸು ನೀಳವಾಗಿ, ಮತ್ತೆ ಕುಗ್ಗಲು ಸದಾ ಹವಣಿಸುತ್ತಿರಬೇಕು.

ಈ ತತ್ತ್ವವನ್ನು ಹಳ್ಳಿಯ ಕಮ್ಮಾರ ಮತ್ತು ಬಡಗಿ ಎತ್ತಿನ ಗಾಡಿಯ ಗಾಲಿಯಲ್ಲಿ ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಮರದ ಗಾಲಿಯ ಸುತ್ತಳತೆಗಿಂತ ಕೊಂಚ ಚಿಕ್ಕದಾಗಿ ಬೆಸೆದ ಕಬ್ಬಿಣದ ಪಟ್ಟಿಯನ್ನು ಬೆರಣಿ ಮತ್ತು ಕಟ್ಟಿಗೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಹೊತ್ತಿನಲ್ಲಿ ಗಾಲಿಯ ಮೇಲೆ ಇಳಿಸಿ, ತಕ್ಷಣ ನೀರು ಸುರಿದರೆ, ಪಟ್ಟಿ ಕುಗ್ಗಿ ಅರೆಗಳನ್ನೂ ಗಾಲಿಯ ನಡುವಣ ತುಂಬನ್ನೂ ಒಂದೇ ಮೈಯಾಗುವಂತೆ ಬಿಗಿಯುತ್ತದೆ. ಅಲ್ಲಿ ಒಂದು ಮೊಳೆ ಇಲ್ಲದಿದ್ದರೂ ಗಾಲಿ ವರ್ಷಗಟ್ಟಲೆ ಕಲ್ಲುದಾರಿಯ ಹೊಡೆತ ತಾಳುತ್ತದೆ. ಪಟ್ಟಿಯನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಮಾಡಿದರೆ ಬೇಸಿಗೆಯಲ್ಲಿ ಮರ ಒಣಗಿದಾಗ ಅರೆಗಳು ಲಟಲಟ ಎನ್ನತೊಡಗುತ್ತವೆ. ತೀರ ಚಿಕ್ಕದಾಗಿ ಮಾಡಿದರೆ ಅರೆಗಳು ಬಾಗುತ್ತವೆ, ಇಲ್ಲವೆ ಪಟ್ಟಿಯ ಬೆಸುಗೆಯೇ ಬಿರಿಯುತ್ತದೆ. ಎಷ್ಟು ಚಿಕ್ಕದು ಸರಿ ಎಂಬುದೇ ಕಮ್ಮಾರನ ವಿದ್ಯೆ. ಕಾರಿನ ನಟ್ ಬಿಗಿಯುವವನ ಮುಂದಿರುವ ಪ್ರಶ್ನೆಯೂ ಅದೇ, ಅಳತೆ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು.

ಅನೇಕ ಸಣ್ಣ ಕಾರುಗಳಲ್ಲಿ ಇರುವಂತಹ 12 ಮಿಲಿಮೀಟರ್ ವ್ಯಾಸದ, 1.5 ಮಿಲಿಮೀಟರ್ ಅಂತರದ ಥ್ರೆಡ್ ಇರುವ ಸ್ಟಡ್ಡನ್ನು ಉದಾಹರಣೆಗೆ ತೆಗೆದುಕೊಂಡು, ಅದಕ್ಕೆ ಸೂಚಿಸಿದ ಬಿಗಿತ 110 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಥ್ರೆಡ್ ಒಣಗಿದ್ದಾಗ ಸ್ಟಡ್ಡಿನಲ್ಲಿ ಉಂಟಾಗುವ ಎಳೆತ ಸುಮಾರು 46 ಕಿಲೋನ್ಯೂಟನ್, ಅಂದರೆ ನಾಲ್ಕೂವರೆ ಟನ್ನಿಗೂ ತುಸು ಹೆಚ್ಚು ತೂಕಕ್ಕೆ ಸಮ. ಇಂತಹ ನಾಲ್ಕು ಸ್ಟಡ್‌ಗಳು ಸೇರಿ ಚಕ್ರವನ್ನು ಹದಿನೆಂಟು ಟನ್ನಿನಷ್ಟು ಬಲದಿಂದ ಹಬ್ಬಿಗೆ ಒತ್ತಿರುತ್ತವೆ. ಆ ಚಕ್ರದ ಪಾಲಿಗೆ ಬರುವ ಕಾರಿನ ತೂಕವಾದರೋ ಕೆಲವು ನೂರು ಕಿಲೋ ಮಾತ್ರ. ಇಷ್ಟು ಬಲಕ್ಕೆ ಸಿಕ್ಕಿಯೂ, ನಟ್ಟಿನಿಂದ ಹಬ್ಬಿನವರೆಗಿನ ಸುಮಾರು 20 ಮಿಲಿಮೀಟರ್ ಉದ್ದದ ಉಕ್ಕು ನೀಳವಾಗುವುದು ಮಿಲಿಮೀಟರಿನ ನೂರರಲ್ಲಿ ಐದು ಭಾಗದಷ್ಟು, ಅಂದರೆ ಒಂದು ತೆಳು ಕೂದಲೆಳೆಯಷ್ಟು. ಚಕ್ರದ ಭದ್ರತೆಯೆಲ್ಲ ಈ ಒಂದು ಎಳೆಯಲ್ಲಿ ಅಡಗಿದೆ ಎಂಬ ಮಾತು ಮನಸ್ಸಿಗೆ ನಾಟಿದರೆ ಸ್ಟಡ್ ಕಾಪಾಡುವ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹಬ್ಬಿನ ಮುಖದ ಮೇಲೆ ತುಕ್ಕಿನ ಹಕ್ಕಳೆಯೋ ಒಣಗಿದ ಕೆಸರೋ ದಪ್ಪ ಬಣ್ಣವೋ ಇದ್ದು, ಅದರ ಮೇಲೆಯೇ ಚಕ್ರ ಕೂರಿಸಿ ನಟ್ ಬಿಗಿದರೆ, ಆ ಕ್ಷಣಕ್ಕೆ ಎಲ್ಲವೂ ಗಟ್ಟಿಯಾಗಿಯೇ ತೋರುತ್ತದೆ. ಕೆಲವು ಕಿಲೋಮೀಟರ್ ಓಡಿದ ಮೇಲೆ ನಡುವಿನ ಪದರ ಪುಡಿಯಾಗಿ ಕೂದಲೆಳೆಯಷ್ಟು ತಗ್ಗಿತೆಂದರೆ ಸಾಕು, ನಟ್ ಒಂದಿಷ್ಟೂ ತಿರುಗದೆ ಇದ್ದರೂ ಸ್ಟಡ್ಡಿನ ಎಳೆತ ಪೂರ್ತಿ ಕರಗಿಹೋಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್ ನಗರದಂತಹ ಬಡಾವಣೆಗಳು ದಿನಗಟ್ಟಲೆ ಮುಳುಗಿದ್ದಾಗ ನೀರಿನಲ್ಲಿ ನಿಂತಿದ್ದಂತಹ ವಾಹನಗಳ ಎಂಜಿನ್ ಮತ್ತು ವೈರಿಂಗಿನ ಬಗ್ಗೆ ಎಲ್ಲರೂ ಚಿಂತಿಸುತ್ತಾರೆ. ಹಬ್ಬಿನ ಮುಖದಲ್ಲಿ ಸೇರಿಕೊಂಡ ಹೂಳಿನ ಬಗ್ಗೆಯೂ ಅಷ್ಟೇ ಚಿಂತಿಸಬೇಕಾದದ್ದು ನ್ಯಾಯ.

ಎಳೆತ ಕಡಿಮೆಯಾದ ಸ್ಟಡ್ ಏಕೆ ಮುರಿಯಬೇಕು ಎಂಬ ಸಂದೇಹ ಇಲ್ಲಿ ಸಹಜ. ಅದಕ್ಕೆ ಉತ್ತರ ಸಿಕ್ಕಿದ್ದು ರೈಲಿನ ಅಚ್ಚುಗಳಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೈ ಬಳಿ ಎಂಜಿನ್ನಿನ ಅಚ್ಚು ಮುರಿದು ರೈಲು ಹಳಿ ತಪ್ಪಿ, ಬೆಂಕಿ ಹೊತ್ತಿಕೊಂಡು, ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಗಟ್ಟಿಯಾಗಿದ್ದ ಅಚ್ಚು ತಾನು ಹೊರಬಲ್ಲ ಭಾರಕ್ಕಿಂತ ಬಹಳ ಕಡಿಮೆ ಭಾರದಲ್ಲಿ ಮುರಿದದ್ದು ಎಂಜಿನಿಯರುಗಳನ್ನು ಕಾಡಿತು. 1850 ಮತ್ತು 60ರ ದಶಕಗಳಲ್ಲಿ ಜರ್ಮನಿಯ ಆಗಸ್ಟ್ ವೋಲರ್ ಅಚ್ಚುಗಳನ್ನು ಲಕ್ಷಾಂತರ ಬಾರಿ ತಿರುಗಿಸಿ ಪರೀಕ್ಷಿಸಿ, ಲೋಹಕ್ಕೆ ಒಮ್ಮೆ ಬೀಳುವ ದೊಡ್ಡ ಭಾರಕ್ಕಿಂತ ಮತ್ತೆ ಮತ್ತೆ ಏರಿಳಿಯುವ ಸಣ್ಣ ಭಾರವೇ ಮಾರಕವಾಗಬಲ್ಲದು ಎಂದು ತೋರಿಸಿದ. ಇದಕ್ಕೆ ಲೋಹದ ದಣಿವು ಎಂದು ಹೆಸರು. ಸರಿಯಾಗಿ ಎಳೆದು ನಿಲ್ಲಿಸಿದ ಸ್ಟಡ್ಡಿಗೆ ಈ ಏರಿಳಿತ ಬಹುಮಟ್ಟಿಗೆ ತಟ್ಟುವುದೇ ಇಲ್ಲ, ಏಕೆಂದರೆ ರಸ್ತೆಯ ಹೊಡೆತವನ್ನು ಒತ್ತಿಹಿಡಿದ ಮುಖಗಳೇ ನುಂಗಿಕೊಳ್ಳುತ್ತವೆ. ಸಡಿಲವಾದ ಚಕ್ರ ಹಬ್ಬಿನ ಮೇಲೆ ಜಾರತೊಡಗಿದರೆ ಪ್ರತಿ ಸುತ್ತಿಗೂ ಸ್ಟಡ್ ಬಾಗುತ್ತ ನೆಟ್ಟಗಾಗುತ್ತ ಹೋಗಿ, ಥ್ರೆಡ್ಡಿನ ತಳದಲ್ಲಿ ಸೀಳು ಹುಟ್ಟುತ್ತದೆ. ನಟ್ಟಿನೊಳಗಿನ ಮೊದಲ ಥ್ರೆಡ್ ಒಂದೇ ಒಟ್ಟು ಭಾರದ ಸುಮಾರು ಮೂರನೇ ಒಂದು ಭಾಗವನ್ನು ಹೊರುವುದರಿಂದ ಸೀಳು ಸಾಮಾನ್ಯವಾಗಿ ಅಲ್ಲಿಯೇ ಕಾಣಿಸುತ್ತದೆ. ಇಂತಹ ಅಡ್ಡ ಅಲುಗಾಟ ನಟ್ಟನ್ನೂ ತಾನಾಗಿ ತಿರುಗಿಸಿ ಸಡಿಲಿಸುತ್ತದೆ ಎಂಬುದನ್ನು 1969ರಲ್ಲಿ ಗೆರ್ಹಾರ್ಡ್ ಯುಂಕರ್ ಪ್ರಯೋಗದಿಂದ ಸಾಬೀತುಪಡಿಸಿದ. ಹೀಗೆ ಒಳಗೇ ಸೀಳಿದ ಸ್ಟಡ್ ಮುಂದೊಂದು ದಿನ ಪಂಕ್ಚರ್ ಅಂಗಡಿಯಲ್ಲಿ ಪಾನಾ ತಾಗಿದೊಡನೆ ಕೈಗೆ ಬರುತ್ತದೆ.

ಸಡಿಲಿಕೆಯ ಹೆದರಿಕೆಯಿಂದಲೇ ಹುಟ್ಟಿದ್ದು ಅತಿಬಿಗಿತದ ಚಾಳಿ. ಪಾನಾಕ್ಕೆ ಒಂದು ಮೀಟರ್ ಉದ್ದದ ಪೈಪು ಸಿಕ್ಕಿಸಿ ಎಪ್ಪತ್ತು ಕಿಲೋ ತೂಕದ ವ್ಯಕ್ತಿ ಅದರ ತುದಿಯಲ್ಲಿ ನಿಂತರೆ ನಟ್ಟಿನ ಮೇಲೆ ಬೀಳುವ ತಿರುಚುಬಲ ಸುಮಾರು 690 ನ್ಯೂಟನ್ ಮೀಟರ್, ಅಂದರೆ ಸೂಚಿಸಿದ್ದಕ್ಕೆ ಆರು ಪಟ್ಟು. ಗಾಳಿಯ ಗನ್ನುಗಳೂ ಇಂತಹ ಬಲವನ್ನು ಕ್ಷಣದಲ್ಲಿ ಕೊಡಬಲ್ಲವು. ಮೇಲೆ ಹೇಳಿದ ಸ್ಟಡ್ 10.9 ದರ್ಜೆಯದಾಗಿದ್ದರೆ ಶಾಶ್ವತವಾಗಿ ಸೊರಗದೆ ತಾಳಬಲ್ಲ ಎಳೆತ ಸುಮಾರು 73 ಕಿಲೋನ್ಯೂಟನ್. ಅದನ್ನು ದಾಟಿದ ಉಕ್ಕು ಎಳೆದ ಮಿಠಾಯಿಯಂತೆ ಉದ್ದವಾಗಿ, ನಡು ಸಣ್ಣಗಾಗಿ, ಹಿಂದಿನ ಅಳತೆಗೆ ಮರಳುವುದಿಲ್ಲ.

ಇನ್ನೊಂದು ತಪ್ಪು ಒಳ್ಳೆಯ ಉದ್ದೇಶದಿಂದಲೇ ನಡೆಯುವಂಥದ್ದು: ಮುಂದಿನ ಸಲ ಸಲೀಸಾಗಿ ಬಿಚ್ಚಲೆಂದು ಥ್ರೆಡ್ಡಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚುವುದು. ನಟ್ ತಿರುಗಿಸಲು ಹಾಕುವ ಬಲದಲ್ಲಿ ಅರ್ಧದಷ್ಟು ನಟ್ಟಿನ ಮುಖದ ಘರ್ಷಣೆಗೂ, ನೂರರಲ್ಲಿ ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೂ ಹೋಗಿ, ಉಳಿದ ಹತ್ತರ ಪಾಲು ಮಾತ್ರ ಸ್ಟಡ್ಡನ್ನು ಎಳೆಯುತ್ತದೆ. ಎಣ್ಣೆ ಈ ಘರ್ಷಣೆಯನ್ನು ತಗ್ಗಿಸಿದರೆ ಅದೇ 110 ನ್ಯೂಟನ್ ಮೀಟರಿಗೆ ಎಳೆತ 76 ಕಿಲೋನ್ಯೂಟನ್ ತಲುಪಬಹುದು. ಟಾರ್ಕ್ ರೆಂಚಿನ ಮುಳ್ಳು ಸರಿಯಾದ ಅಂಕಿಯನ್ನೇ ತೋರಿಸುತ್ತಿದ್ದರೂ ಸ್ಟಡ್ ಆಗಲೇ ಮಿತಿ ಮೀರಿರುತ್ತದೆ. ಹೆಚ್ಚಿನ ತಯಾರಕರು ಒಣ ಥ್ರೆಡ್ಡಿಗೇ ಅಂಕಿ ಕೊಡುವುದು ಈ ಕಾರಣಕ್ಕೆ. ತುಕ್ಕು ತಡೆಯುವ ಲೇಪವೆಂದು ಡಬ್ಬಿಗಳಲ್ಲಿ ಮಾರುವ ಪದಾರ್ಥಗಳ ಜಾಹೀರಾತಿನಲ್ಲಿ ಈ ಸಂಗತಿ ಕಾಣಿಸುವುದು ಅಪರೂಪ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿರದ ಹೊರತು ಅವುಗಳನ್ನು ಥ್ರೆಡ್ಡಿಗೆ ಹಚ್ಚಬಾರದು. ಹಚ್ಚಬೇಕೆನಿಸಿದರೆ ಚಕ್ರದ ನಡುತೂತು ಹಬ್ಬಿನ ಮೇಲೆ ಕೂರುವ ಅಂಚಿಗೆ ತೆಳ್ಳಗೆ ಸವರಿದರೆ ಸಾಕು.

ಹಾಗೆಂದು ವಿಶಾಖಪಟ್ಟಣದವರ ತುಕ್ಕಿನ ಭಯ ಸುಳ್ಳಲ್ಲ. ಕಡಲಿನಿಂದ ಸಿಡಿದ ಹನಿಗಳು ಒಣಗಿ ಲೋಹದ ಮೇಲೆ ಉಳಿಸುವ ಉಪ್ಪಿನಲ್ಲಿ ಅಡುಗೆ ಉಪ್ಪು ಮಾತ್ರವಲ್ಲದೆ ಮೆಗ್ನೀಷಿಯಂ ಕ್ಲೋರೈಡೂ ಇರುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡ 75 ಮುಟ್ಟಿದ ಮೇಲೆ ನೀರೊಡೆದರೆ, ಮೆಗ್ನೀಷಿಯಂ ಕ್ಲೋರೈಡ್ ಶೇಕಡ 33ರಲ್ಲೇ ನೀರೊಡೆಯುತ್ತದೆ. ಆದ್ದರಿಂದ ಬೀಚ್ ರಸ್ತೆಯಲ್ಲಿ ನಿಲ್ಲಿಸಿದ ಕಾರಿನ ನಟ್ ಕಣ್ಣಿಗೆ ಒಣಗಿದಂತೆ ಕಂಡರೂ ಅದರ ಸಂದಿಯಲ್ಲಿ ತೆಳ್ಳನೆಯ ಉಪ್ಪುನೀರಿನ ಪೊರೆ ಹಗಲೂ ಇರುಳೂ ಉಳಿದಿರುತ್ತದೆ. ಕಬ್ಬಿಣಕ್ಕಿಂತ ತುಕ್ಕು ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಅದು ನಟ್ ಮತ್ತು ಸ್ಟಡ್ಡಿನ ನಡುವಣ ಎಡೆಯನ್ನು ತುಂಬಿ ಎರಡನ್ನೂ ಬೆಸೆದುಬಿಡುತ್ತದೆ. ಕಡಲಿನಿಂದ ಅರವತ್ತು ಕಿಲೋಮೀಟರಿಗೂ ದೂರವಿರುವ ವಿಜಯವಾಡದಲ್ಲಿ ಈ ಉಪ್ಪಿನ ಕಾಟ ಬಹಳ ಕಡಿಮೆ.

ಬೆಸೆದುಕೊಂಡ ನಟ್ಟನ್ನು ಬಿಚ್ಚುವಾಗ ಆತುರವೇ ಶತ್ರು. ಚಕ್ರ ನೆಲದ ಮೇಲಿರುವಾಗಲೇ, ಜಾಕ್ ಏರಿಸುವ ಮೊದಲು, ಹೊರಗೆ ಕಾಣುವ ಥ್ರೆಡ್ಡನ್ನು ತಂತಿಬ್ರಷ್‌ನಿಂದ ಉಜ್ಜಿ, ತುಕ್ಕಿನೊಳಗೆ ಇಳಿಯುವ ತೆಳು ಎಣ್ಣೆ ಬಿಟ್ಟು ಕಾಲು ಗಂಟೆ ಕಾದು, ಆರು ಮೂಲೆಯ ಸರಿಯಳತೆಯ ಸಾಕೆಟ್ಟಿನಿಂದ ಒಂದೇ ಸಮನೆ ಬಲ ಹಾಕಬೇಕು. ನಟ್ ಅರ್ಧ ಸುತ್ತು ಬಂದು ಕೀರಲು ದನಿಯೊಡನೆ ಮತ್ತೆ ಬಿಗಿಯಾದರೆ, ಪುಡಿಯಾದ ತುಕ್ಕು ಮುಂದಿನ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡಿದೆ ಎಂದು ಅರ್ಥ. ಆಗ ಜಗ್ಗದೆ, ಬಂದಷ್ಟನ್ನು ಹಿಂದಕ್ಕೆ ತಿರುಗಿಸಿ, ಇನ್ನಷ್ಟು ಎಣ್ಣೆ ಬಿಟ್ಟು, ಹಿಂದೆಮುಂದೆ ಆಡಿಸುತ್ತ ಬಿಚ್ಚಿದರೆ ಸ್ಟಡ್ ಉಳಿಯುತ್ತದೆ. ಬಿಚ್ಚಲು ಬಳಸಿದ ಎಣ್ಣೆಯನ್ನು ಮತ್ತೆ ಕೂರಿಸುವ ಮೊದಲು ಚೆನ್ನಾಗಿ ಒರೆಸಿ ತೆಗೆಯುವುದನ್ನು ಮರೆಯಬಾರದು.

ಕೂರಿಸುವಾಗ ಎರಡೂ ಮುಖಗಳ ತುಕ್ಕು ಕೆರೆದು, ನಟ್ಟನ್ನು ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹಾಕಬೇಕು. ಬೆರಳಿಗೆ ಬಗ್ಗದ ನಟ್ಟನ್ನು ಗನ್ನಿಗೆ ಒಪ್ಪಿಸಿದರೆ ಥ್ರೆಡ್ ಅಡ್ಡ ಹತ್ತುತ್ತದೆ. ಅನಂತರ ಎದುರುಬದುರಾಗಿ, ಎರಡು ಹಂತದಲ್ಲಿ, ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ಕೊಟ್ಟು, ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಅರಕು ಕಣಿವೆಯಿಂದ ಅನಂತಗಿರಿ ಘಾಟಿ ಇಳಿದು ಬಂದು ಬ್ರೇಕ್ ಕಾದಿರುವಾಗಲೇ ಅಲಾಯ್ ಚಕ್ರ ಬದಲಿಸಿದವರಿಗೆ ಈ ಎರಡನೆಯ ನೋಟ ಇನ್ನೂ ಅಗತ್ಯ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗಿ ಕುಗ್ಗುವುದರಿಂದ, ಅರವತ್ತು ಡಿಗ್ರಿ ತಣಿದಾಗ ಕೂದಲೆಳೆಯಷ್ಟಿದ್ದ ಎಳೆತದಲ್ಲಿ ನಾಲ್ಕನೇ ಒಂದು ಭಾಗದವರೆಗೆ ಕಳೆದುಹೋಗಬಹುದು.

ಇಷ್ಟಾದರೂ ಒಂದು ಸ್ಟಡ್ ಮುರಿದರೆ, ಅದರ ಅಕ್ಕಪಕ್ಕದವು ಹೆಚ್ಚಿನ ಭಾರ ಹೊತ್ತು ದಣಿದಿರುವ ಸಾಧ್ಯತೆ ಇರುವುದರಿಂದ ಅವುಗಳನ್ನೂ ಬದಲಿಸುವುದು ಲೇಸು. ಹೊಸದನ್ನು ಕೊಳ್ಳುವಾಗ ಅದು ತಯಾರಾಗುವ ಬಗೆಯನ್ನು ಅರಿತಿರಬೇಕು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ತಯಾರಾಗುವಂತಹ ವೈರ್ ರಾಡ್, ಅಂದರೆ ಸುರುಳಿಯಾಗಿ ಸುತ್ತಿದ ಉಕ್ಕಿನ ಸರಳು, ಇಂತಹ ಸ್ಟಡ್‌ಗಳ ಮೂಲರೂಪ. ಅದನ್ನು ಕತ್ತರಿಸಿ, ತಣ್ಣಗೇ ಜಜ್ಜಿ ತಲೆ ಮೂಡಿಸಿ, ಥ್ರೆಡ್ಡನ್ನು ಕೊರೆಯದೆ ಉರುಳೆಗಳ ನಡುವೆ ಒತ್ತಿ, ಕಾಯಿಸಿ ಹದಗೊಳಿಸಿದರೆ ದಣಿವು ತಾಳುವ ಸ್ಟಡ್ ಸಿಗುತ್ತದೆ. ಹದ ಮೀರಿ ಗಡಸಾಗಿಸಿ, ಆಮ್ಲದಲ್ಲಿ ತೊಳೆದು, ಥಳಥಳಿಸುವ ಲೋಹಲೇಪ ಕೊಟ್ಟ ಅಗ್ಗದ ಸ್ಟಡ್ಡಿನೊಳಗೆ ಹೈಡ್ರೋಜನ್ ಪರಮಾಣುಗಳು ಸೇರಿಕೊಂಡು, ಬಿಗಿದ ಎಷ್ಟೋ ಗಂಟೆಗಳ ಬಳಿಕ ನಿಂತಲ್ಲೇ ಅದನ್ನು ಮುರಿಯಬಲ್ಲವು. ಹೀಗಾಗಿ ತಯಾರಕರ ಗುರುತು, ದರ್ಜೆಯ ಗುರುತು ಎರಡೂ ಇಲ್ಲದ ಸ್ಟಡ್ಡನ್ನು ಅಂಗಡಿಯಲ್ಲೇ ಬಿಟ್ಟುಬರಬೇಕು. ಹೊಸ ಸ್ಟಡ್ಡನ್ನು ಹಬ್ಬಿಗೆ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬೇರಿಂಗಿನ ಗುಂಡುಗಳು ತಮ್ಮ ದಾರಿಯಲ್ಲಿ ಕುಳಿ ಮಾಡುತ್ತವೆ. ಹಬ್ಬನ್ನು ಬಿಚ್ಚಿ ಪ್ರೆಸ್ಸಿನಲ್ಲಿ ಒತ್ತಿಸುವ ಸೌಲಭ್ಯ ವಿಜಯವಾಡದ ಆಟೋನಗರದಂತಹ ಕಡೆಗಳಲ್ಲಿ ಸುಲಭವಾಗಿ ದೊರೆಯುತ್ತದೆ.