ನೆಲ ಸರಿದ ಹಾದಿ, ಜೀವಿಗಳು ಬಂದ ದಾರಿ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ತಾಲ್ಲೂಕುಗಳ ನೆಲದಡಿ ಎರಡು ಕಾಲದ ಕಲ್ಲುಗಳಿವೆ. ಮುಧೋಳ-ಬೀಳಗಿ ಸೀಮೆಯ ಸುಣ್ಣಕಲ್ಲು 100 ಕೋಟಿ ವರ್ಷಕ್ಕೂ ಹಳೆಯದು. ಗೊಂಡ್ವಾನಾ ಮಹಾಖಂಡ ಕೂಡಿಕೊಳ್ಳುವ ಮೊದಲೇ ನೀರಿನಡಿ ಪದರಗಟ್ಟಿದ್ದು. ಜಮಖಂಡಿಯ ಉತ್ತರಕ್ಕೆ ಎರೆಹೊಲಗಳ ಕೆಳಗಿರುವ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತ ದ್ವೀಪವಾಗಿದ್ದಾಗ, ಉಕ್ಕಿ ಹರಿದ ಲಾವಾ. ಈ ಬಯಲಿನ ಸಣ್ಣ ಪ್ರಾಣಿಗಳ ಮೂಲ ತಿಳಿಯಬೇಕಾದರೆ ಆ ದ್ವೀಪದ ಪ್ರಯಾಣ ತಿಳಿಯಬೇಕು.

ಗೊಂಡ್ವಾನಾ ಒಡೆದಾಗ ಭಾರತ ಮತ್ತು ಮಡಗಾಸ್ಕರ್ ಒಟ್ಟಾಗಿ ಆಫ್ರಿಕಾದಿಂದ ಬೇರ್ಪಟ್ಟವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕಳಚಿಕೊಂಡಿತು, 6.5 ಕೋಟಿ ವರ್ಷಗಳ ಸುಮಾರಿಗೆ ಸೇಶೆಲ್ಸ್. ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಹೆಚ್ಚು ವೇಗದಲ್ಲಿ ಉತ್ತರಕ್ಕೆ ಸರಿದ ಭಾರತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿತು.

ಬಹುಪಾಲು ಕಪ್ಪೆಗಳ ತೆಳುಚರ್ಮ ಉಪ್ಪುನೀರನ್ನು ತಾಳುವುದಿಲ್ಲ. ಆದ್ದರಿಂದ ನೆಲ ಒಡೆದರೆ ಅವುಗಳ ವಂಶವೂ ಕವಲೊಡೆಯುತ್ತದೆ. ಕೇರಳದ ಇಡುಕ್ಕಿಯಿಂದ 2003ರಲ್ಲಿ ವಿವರಿಸಲಾದ, ಬಹುಕಾಲ ಮಣ್ಣಿನೊಳಗೇ ಬದುಕುವ ನೇರಳೆ ಕಪ್ಪೆಯ ಅತಿ ಹತ್ತಿರದ ಬಂಧುಗಳು ಇರುವುದು ಸೇಶೆಲ್ಸ್ ದ್ವೀಪಗಳಲ್ಲಿ. ಈ ಎರಡು ಕವಲುಗಳು ಅಗಲಿ ಕೋಟ್ಯಂತರ ವರ್ಷಗಳೇ ಕಳೆದಿವೆ.

ಇಂಥ ಪ್ರಾಚೀನ ವಂಶಗಳು ಸದಾ ತೇವವಿರುವ ಪಶ್ಚಿಮ ಘಟ್ಟಗಳಲ್ಲಿ ಉಳಿದವು. ಬಯಲುಸೀಮೆಯ ಚರಿತ್ರೆ ಬೇರೆ. ಅಲ್ಲಿ ಲಾವಾ ಪದರದ ಮೇಲೆ ಪದರ ಹರಿಯಿತು. ಎರಡು ಹರಿವಿನ ನಡುವಣ ಬಿಡುವಿನಲ್ಲಿ ಕೆರೆಗಳಾಗಿ, ಜೀವಿಗಳು ಮರಳಿದ್ದವು ಎನ್ನುವುದಕ್ಕೆ ಇದೇ ಲಾವಾ ಹರಡಿದ ಮುಂಬಯಿಯಲ್ಲಿ ಸಿಕ್ಕ ಕಪ್ಪೆ ಪಳೆಯುಳಿಕೆಗಳೇ ಸಾಕ್ಷಿ. ಮುಂದೆ ಹವೆ ಒಣಗಿ ಕುರುಚಲು, ಹುಲ್ಲುಗಾವಲು ಹರಡಿದಾಗ ಹೊಸಬರಿಗೆ ಜಾಗವಾಯಿತು.

ಆ ಹೊಸಬರು ಎರಡು ದಿಕ್ಕಿನಿಂದ ಬಂದರು. ಹಾವಿನಂತೆ ರೆಪ್ಪೆ ಮಿಟುಕಿಸದ ಒಫಿಸಾಪ್ಸ್ ಹಲ್ಲಿಗಳ ಪೂರ್ವಜರು ಸುಮಾರು 3 ಕೋಟಿ ವರ್ಷಗಳ ಹಿಂದೆ ಸಹಾರಾ-ಅರೇಬಿಯಾದ ಕಡೆಯಿಂದ ಬಂದರು. ಗಂಡು ತನ್ನ ಗಂಟಲಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಹೆಣ್ಣನ್ನು ಸೆಳೆಯುವ ಸಿಟಾನಾ ಓತಿಗಳ ನಂಟು ಪೂರ್ವದ್ದು. ‘ಕರ್ವಾಲೊ’ ಕಾದಂಬರಿಯ ಓದುಗರಿಗೆ ಪರಿಚಿತವಾದ ಹಾರುವ ಓತಿಯೂ ಇದೇ ಉಪಕುಟುಂಬಕ್ಕೆ ಸೇರಿದ್ದು, ಅದರ ಹೆಚ್ಚಿನ ಪ್ರಭೇದಗಳು ಆಗ್ನೇಯ ಏಷ್ಯಾದಲ್ಲಿವೆ. ಬಾಗಲಕೋಟೆ ಸೇರಿದಂತೆ ಉತ್ತರ ಕರ್ನಾಟಕದ ಒಣ ಬಯಲಿನ ಸಿಟಾನಾ ಧಾರವಾರೆನ್ಸಿಸ್ ಹೊಸ ಪ್ರಭೇದವೆಂದು ಗುರುತಾದದ್ದು 2020ರಲ್ಲಷ್ಟೇ.

ಹೀಗೆ ಭೂಖಂಡ ಒಡೆದಾಗ ವಂಶಗಳು ಅಗಲುತ್ತವೆ, ಕೂಡಿದಾಗ ಬೆರೆಯುತ್ತವೆ. ಯಾವುದು ಎಲ್ಲಿ ಉಳಿಯಬೇಕೆಂದು ಮಳೆ ಮತ್ತು ಮಣ್ಣು ತೀರ್ಮಾನಿಸುತ್ತವೆ. ಮುಧೋಳ, ಬೀಳಗಿಯ ಬಯಲಿನಲ್ಲಿ ಕಲ್ಲು ಅತಿ ಹಳೆಯದು, ಅದರ ಮೇಲೆ ಓಡಾಡುವ ಓತಿ-ಹಲ್ಲಿಗಳ ವಂಶ ಅದಕ್ಕೆ ಹೋಲಿಸಿದರೆ ತೀರಾ ಹೊಸದು.