ಮೂತ್ರದಲ್ಲಿ ಕ್ಯಾನ್ಸರ್ ಮೂಸುವ ಹುಳು

ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರಿಗೆ ಜಂತುಹುಳು ಎಂದರೆ ವೈರಿ. ಅರೇಬಿಕಾ ಗಿಡದ ಬೇರಿಗೆ ಹೊಕ್ಕು ಗಿಡವನ್ನೇ ಸೊರಗಿಸುವ ಸೂಕ್ಷ್ಮ ಜೀವಿ ಅದು. ಅದರ ಕಾಟ ತಪ್ಪಿಸಲೆಂದು ರೊಬಸ್ಟಾ ಬೇರಿನ ಮೇಲೆ ಅರೇಬಿಕಾ ಕಸಿ ಕಟ್ಟುವುದುಂಟು. ಅದೇ ಬಳಗದ ಇನ್ನೊಂದು ಹುಳು, ಸೀನೊರಾಬ್ಡೈಟಿಸ್ ಎಲೆಗನ್ಸ್, ಬೇರಿನ ತಂಟೆಗೆ ಹೋಗುವುದಿಲ್ಲ. ಕೊಳೆತ ಹಣ್ಣು, ಗೊಬ್ಬರದ ರಾಶಿಗಳಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುತ್ತದೆ. ಮೂತ್ರದ ವಾಸನೆಯಿಂದ ಕ್ಯಾನ್ಸರ್ ಪತ್ತೆ ಮಾಡಲು ಜಪಾನಿನ ವಿಜ್ಞಾನಿಗಳು ಆರಿಸಿಕೊಂಡದ್ದು ಇದನ್ನೇ.

ಉದ್ದ ಸುಮಾರು 1 ಮಿಲಿಮೀಟರ್. ಕಣ್ಣಿಲ್ಲ. ನರಕೋಶಗಳು ಬರೀ 302. ಆದರೆ ವಾಸನೆ ಗ್ರಹಿಸುವ ಜೀನ್‌ಗಳು ಸುಮಾರು 1,200; ನಮ್ಮಲ್ಲಿ ಕೆಲಸ ಮಾಡುವ ಅಂಥವು 400ರ ಆಸುಪಾಸು. ಎಲ್ಲಿ ಆಹಾರ, ಎಲ್ಲಿ ಅಪಾಯ ಎಂಬುದನ್ನು ಅದು ಹೆಚ್ಚಾಗಿ ತಿಳಿಯುವುದು ತಲೆಯ ತುದಿಯ ನರಕೋಶಗಳಿಂದ.

ಈ ಸಂಶೋಧನೆಗೆ ದಾರಿ ತೋರಿಸಿದ್ದು ಹೊಟ್ಟೆಯೇ. ಹಸಿ ಮೀನಿನ ಮೂಲಕ ಹೊಟ್ಟೆ ಸೇರುವ ಅನಿಸಾಕಿಸ್ ಎಂಬ ಜಂತುಹುಳು ಜಠರದ ಕ್ಯಾನ್ಸರ್ ಇರುವ ಜಾಗಕ್ಕೇ ಕಚ್ಚಿಕೊಂಡಿದ್ದನ್ನು ಜಪಾನಿನ ವೈದ್ಯರು ಗಮನಿಸಿದ್ದರು. ಕ್ಯೂಶು ವಿಶ್ವವಿದ್ಯಾಲಯದ ತಕಾಕಿ ಹಿರೋತ್ಸು ತಂಡ ಈ ಜಾಡು ಹಿಡಿಯಿತು. ತಟ್ಟೆಯೊಂದರಲ್ಲಿ ಎಲೆಗನ್ಸ್ ಹುಳುಗಳನ್ನು ಬಿಟ್ಟು, ಹತ್ತು ಪಟ್ಟು ತೆಳುಗೊಳಿಸಿದ ಮೂತ್ರದ ಹನಿಯನ್ನು ಒಂದು ಬದಿಗೆ ಹಾಕಿದರು. ಕ್ಯಾನ್ಸರ್ ರೋಗಿಯ ಮೂತ್ರವಾದರೆ ಹುಳುಗಳು ಹನಿಯತ್ತ ಹರಿದವು. ಆರೋಗ್ಯವಂತರದ್ದಾದರೆ ದೂರ ಸರಿದವು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 242 ಮಾದರಿಗಳಿದ್ದವು. ಕ್ಯಾನ್ಸರ್ ಇದ್ದ 24 ಮಂದಿಯಲ್ಲಿ 23 ಜನರನ್ನು ಹುಳುಗಳು ಗುರುತಿಸಿದ್ದವು. ಆದರೆ ಕ್ಯಾನ್ಸರ್ ಇಲ್ಲದ 218 ಮಂದಿಯಲ್ಲೂ 11 ಜನರತ್ತ ಬೊಟ್ಟು ಮಾಡಿದ್ದವು.

ಈ 11 ಬಹಳ ಮುಖ್ಯ. 10,000 ಜನರ ತಪಾಸಣೆ ನಡೆಯಿತು, ಅವರಲ್ಲಿ 10 ಮಂದಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಆ 10 ಮಂದಿಯೂ ಸಿಕ್ಕಿಬೀಳಬಹುದು, ಆದರೆ ಜೊತೆಗೆ ಸುಮಾರು 500 ಆರೋಗ್ಯವಂತರಿಗೂ ‘ಇದೆ’ ಎಂಬ ವರದಿ ಬರುತ್ತದೆ. ಕ್ಯಾನ್ಸರ್ ಯಾವ ಅಂಗದ್ದೆಂದು ಹುಳು ಹೇಳುವುದಿಲ್ಲ. ಅವರೆಲ್ಲ ಸ್ಕ್ಯಾನಿಂಗು, ಎಂಡೋಸ್ಕೋಪಿ ಎಂದು ಹಾಸನಕ್ಕೋ ಮಂಗಳೂರಿಗೋ ಓಡಾಡಬೇಕು. ತೋಟದ ಕೂಲಿಯವರಿಗೆ ಒಂದೊಂದು ಓಡಾಟವೂ ಒಂದು ದಿನದ ಸಂಬಳ. ಜಪಾನಿನಲ್ಲಿ ಈ ಪರೀಕ್ಷೆ 2020ರಿಂದ ಮಾರಾಟಕ್ಕಿದ್ದರೂ ಅದರ ನಿಖರತೆಯನ್ನು ಅಲ್ಲಿನ ವೈದ್ಯರೇ ಪ್ರಶ್ನಿಸಿದ್ದಾರೆ.

ಸೂಜಿಯಿಲ್ಲ, ಕೊಳವೆಯಿಲ್ಲ, ಮನೆಯಲ್ಲೇ ಮಾದರಿ ಕೊಡಬಹುದು ಎಂಬ ಆಸೆ ದೊಡ್ಡದು, ನ್ಯಾಯವಾದದ್ದೂ ಹೌದು. ದೂರದ ಎಸ್ಟೇಟ್ ಲೈನುಗಳಿಗೆ ಅಂಥ ಪರೀಕ್ಷೆ ನಿಜಕ್ಕೂ ಬೇಕು. ಅದು ಬರುವ ತನಕ ಕೈಯಲ್ಲಿರುವುದನ್ನು ಬಿಡುವುದು ಬೇಡ. ನಮ್ಮ ಸರ್ಕಾರಿ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳನ್ನು ನೋಡುತ್ತದೆ, ಜಠರದ್ದು ಅದರಲ್ಲಿಲ್ಲ. ಹಾಗಾಗಿ ‘ಗ್ಯಾಸ್ಟ್ರಿಕ್’ ಎಂದು ತಿಂಗಳುಗಟ್ಟಲೆ ಮೆಡಿಕಲ್ ಶಾಪಿನ ಮಾತ್ರೆ ನುಂಗುವವರು, ಅದರಲ್ಲೂ ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ನುಂಗಲು ಕಷ್ಟವಾದರೆ, ವೈದ್ಯರ ಬಳಿ ಹೋಗಲೇಬೇಕು. ಜಠರದ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕನ್ನು ಉಸಿರು ಅಥವಾ ಮಲದ ಪರೀಕ್ಷೆಯಿಂದಲೇ ಪತ್ತೆ ಮಾಡಬಹುದು, ಮಾತ್ರೆಯಿಂದಲೇ ವಾಸಿ ಮಾಡಬಹುದು.