ಜೇವರ್ಗಿಯಲ್ಲಿ ಎಷ್ಟು ಅಕ್ಷರ?

ಒಂದನೇ ತರಗತಿಯ ಮಗುವನ್ನು ಕೇಳಿದರೆ ಮೂರು ಅನ್ನುತ್ತದೆ. ಪೈಥಾನ್‌ನ ‘ಲೆನ್’ ಫಂಕ್ಷನ್ ಏಳು ಅನ್ನುತ್ತದೆ. ಎರಡೂ ಸರಿಯೇ. ಜ, ಏತ್ವ, ವ, ರ, ಹಲಂತ, ಗ, ಗುಡಿಸು: ಯೂನಿಕೋಡ್‌ನಲ್ಲಿ ಇವು ಏಳು ಬೇರೆ ಬೇರೆ ಸಂಕೇತಗಳು.

ಇದೇನು ಮಹಾ ಅನ್ನಬೇಡಿ. ಹೆಸರಿನ ಮೊದಲ ಹತ್ತು ಸಂಕೇತಗಳನ್ನು ಮಾತ್ರ ಇಟ್ಟುಕೊಳ್ಳುವ ಫಾರಂನಲ್ಲಿ ಮಲ್ಲಿಕಾರ್ಜುನ ‘ಮಲ್ಲಿಕಾರ್ಜ’ ಆಗುತ್ತಾನೆ. ನಮಗೆ ಐದೇ ಅಕ್ಷರದ ಆ ಹೆಸರಿಗೆ ಕಂಪ್ಯೂಟರ್‌ನಲ್ಲಿ ಹನ್ನೆರಡು ಸಂಕೇತ ಬೇಕು. ಹೆಸರು ತಪ್ಪಿದರೆ ಅರ್ಜಿ ವಾಪಸ್ ಬರುತ್ತದೆ. ಆಮೇಲೆ ತಾಲ್ಲೂಕು ಕಚೇರಿಗೆ ಅಲೆಯುವವರು ನಮ್ಮ ಮನೆಯವರೇ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಬಿಸಿಎ, ಬಿಇ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ನಮ್ಮಂಥವರ ರೆಸ್ಯೂಮೆಗಳಲ್ಲಿ ಪ್ರಾಜೆಕ್ಟ್ ಅಂದರೆ ಲೈಬ್ರರಿ ಮ್ಯಾನೇಜ್‌ಮೆಂಟ್, ಇಲ್ಲವೇ ಟು-ಡೂ ಲಿಸ್ಟ್. ಎಲ್ಲರದೂ ಅದೇ. ಸರ್ಕಾರಿ ಹುದ್ದೆಗಾದರೆ 371(ಜೆ) ಆಸರೆ ಇದೆ. ಸಾಫ್ಟ್‌ವೇರ್ ಸಂದರ್ಶನದಲ್ಲಿ ‘ನೀನೇ ಏನು ಬಿಡಿಸಿದ್ದೀಯ’ ಅಂತ ಕೇಳುತ್ತಾರೆ. ನಮ್ಮೂರಿನ ಹೆಸರುಗಳೇ ಎಷ್ಟೋ ಲೆಕ್ಕ ಕೊಡುತ್ತವೆ. ಅವುಗಳಿಗೆ ಬರೆದ ಐದು-ಹತ್ತು ಸಾಲಿನ ಕೋಡ್ ತುಣುಕುಗಳನ್ನು ಕೂಡಿಟ್ಟು ಹಂಚಿಕೊಂಡರೆ ಅದೇ ಒಳ್ಳೆಯ ಪ್ರಾಜೆಕ್ಟ್ ಎಂಬುದು ನನ್ನ ಅನಿಸಿಕೆ.

ನನಗೆ ತುಂಬ ಇಷ್ಟವಾದ ತುಣುಕು ಒಂದೇ ಸಾಲಿನದು. ಕಣ್ಣಿಗೆ ಒಂದೇ ಥರ ಕಾಣುವ ಎರಡು ‘ಜೇವರ್ಗಿ’ಗಳು ಕಂಪ್ಯೂಟರ್‌ಗೆ ಬೇರೆ ಬೇರೆ ಆಗಿರಬಹುದು. ‘ಜೇ’ಯ ಏತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಹಳೆಯ ನುಡಿ ಫಾಂಟಿನ ಕಡತವನ್ನು ಯೂನಿಕೋಡ್‌ಗೆ ಬದಲಿಸಿದಾಗ ಈ ಎರಡನೆಯ ರೂಪ ನುಸುಳಬಹುದು. ಆಗ ಪಟ್ಟಿಯಲ್ಲಿ ಹೆಸರು ಕಣ್ಣೆದುರೇ ಇದ್ದರೂ ಹುಡುಕಿದರೆ ಸಿಗುವುದಿಲ್ಲ. ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ‘ನಾರ್ಮಲೈಸ್’ ಎಂಬ ಫಂಕ್ಷನ್ ಇದೆ. ಅದಕ್ಕೆ ‘ಎನ್‌ಎಫ್‌ಸಿ’ ಮತ್ತು ಹೆಸರು ಕೊಟ್ಟರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಪಟ್ಟಿಯ ಹೆಸರಿಗೂ ಹುಡುಕುವ ಪದಕ್ಕೂ, ಎರಡಕ್ಕೂ ಇದನ್ನು ಮಾಡಬೇಕು.

ಅಂಕಿಗಳ ಕಥೆ ಇನ್ನೂ ಮಜಾ. ‘೫೮೫’ ಎಂದು ಕನ್ನಡದಲ್ಲಿ ಕೊಟ್ಟರೂ ಪೈಥಾನ್‌ನ ‘ಇಂಟ್’ ಅದನ್ನು 585 ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟ್‌ನ ‘ನಂಬರ್’ ಮಾತ್ರ ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಪಿನ್‌ಕೋಡನ್ನು ಕನ್ನಡ ಅಂಕಿಯಲ್ಲಿ ತುಂಬಿದವರನ್ನು ಫಾರಂ ಯಾಕೆ ತಳ್ಳಿತು ಅನ್ನುವುದಕ್ಕೆ ಇಲ್ಲಿ ಉತ್ತರ ಸಿಗಬಹುದು.

ಸಿಎಸ್‌ವಿ ಕಡತ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಗಜಿಬಿಜಿಯಾದರೆ, ಕಡತ ಬರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಡಿ. ರೈತರಿಗೆ ಎಸ್‌ಎಂಎಸ್ ಕಳಿಸುವ ಪ್ರಾಜೆಕ್ಟ್ ಮಾಡುತ್ತೀರಾದರೆ, ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160, ಕನ್ನಡದಲ್ಲಿ 70 ಸಂಕೇತಗಳಷ್ಟೇ ಹಿಡಿಯುತ್ತವೆ ಎಂಬುದು ನೆನಪಿರಲಿ.

ತುಣುಕು ಹಂಚುವಾಗ ಬರೀ ಕೋಡ್ ಹಾಕಬೇಡಿ. ಏನು ಕೊಟ್ಟಿರಿ, ಏನು ಬಂತು, ಯಾವ ಆವೃತ್ತಿಯಲ್ಲಿ ಓಡಿಸಿದಿರಿ ಎಂದು ಮೂರು ಸಾಲು ಕನ್ನಡದಲ್ಲಿ ಬರೆಯಿರಿ. ಆರು ತಿಂಗಳ ಬಳಿಕ ಅದು ನಿಮಗೇ ಬೇಕಾಗುತ್ತದೆ. ಸ್ಟ್ಯಾಕ್ ಓವರ್‌ಫ್ಲೋದಿಂದ ಎತ್ತಿಕೊಂಡಿದ್ದರೆ ಮೂಲ ಹೇಳಲೇಬೇಕು, ಅಲ್ಲಿನ ಲೈಸೆನ್ಸೇ ಹಾಗಿದೆ. ಗಿಟ್‌ಹಬ್‌ಗೆ ಏರಿಸುವ ಮುಂಚೆ ಪಾಸ್‌ವರ್ಡ್ ತೆಗೆಯಿರಿ. ಊರಿನವರ ನಿಜವಾದ ಹೆಸರು, ಫೋನ್ ನಂಬರ್ ಹಾಕಲೇಬೇಡಿ. ಪರೀಕ್ಷೆಗೆ ಕಲ್ಪಿತ ಹೆಸರು ಸಾಕು.

ಎನ್‌ಎಫ್‌ಸಿ ಎಲ್ಲದಕ್ಕೂ ಮದ್ದಲ್ಲ. ಜೇವರ್ಗಿ–ಜೇವರಗಿ, ಅಫಜಲಪುರ–ಅಫ್ಜಲ್‌ಪುರ ಒಂದೇ ಊರು ಎಂದು ಅದಕ್ಕೆ ಗೊತ್ತಾಗದು. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ಕಡತಗಳಲ್ಲಿ ಇನ್ನೂ ಗುಲ್ಬರ್ಗವೇ ಇದೆ. ಇದಕ್ಕೆ ಕೈಯಾರೆ ಒಂದು ಪಟ್ಟಿ ಮಾಡಬೇಕು: ಎಡಗಡೆ ಜನ ಬರೆಯುವ ಎಲ್ಲ ರೂಪ, ಬಲಗಡೆ ಕೇಂದ್ರ ಪಂಚಾಯತ್‌ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಆ ಊರಿಗೆ ಕೊಟ್ಟ ಕೋಡ್. ಆಮೇಲೆ ಹೋಲಿಕೆಯೆಲ್ಲ ಕೋಡ್‌ನಿಂದಲೇ. ಎಡಗಡೆಯ ಕಾಲಂ ತುಂಬಲು ಆ ಊರಿನವರೇ ಆಗಬೇಕು. ಮೊದಲು ನಿಮ್ಮ ಹೋಬಳಿಯ ಹಳ್ಳಿಗಳಿಂದ ಶುರುಮಾಡಿ.